ಏರಿ ಒದ್ದೆ, ಕೋಡಿಗೆ ಬಲೆ: ಹಳೆಯ ಮಣ್ಣಿನ ಕಟ್ಟೆಗಳ ಬಗ್ಗೆ ಓದುಗರ ಪ್ರಶ್ನೆಗಳು

2019ರ ಆಗಸ್ಟ್ ಮಳೆಗೆ ಉತ್ತರ ಕನ್ನಡದ ಮುಂಡಗೋಡ ತಾಲೂಕಿನ ಚಿಗಳ್ಳಿ ಜಲಾಶಯದ ಏರಿ ಒಡೆದದ್ದು ಈ ಭಾಗದವರಿಗೆ ಇನ್ನೂ ನೆನಪಿದೆ. ಶಿರಸಿಯ ಮೂಡಣ ಭಾಗ, ಮುಂಡಗೋಡ, ಹಳಿಯಾಳದ ಕಡೆ ಮಣ್ಣಿನ ಏರಿಯ ನೀರಾವರಿ ಕೆರೆಗಳು ಊರೂರಿಗೆ ಇವೆ. ಈ ಸಲದ ಪ್ರಶ್ನೆಗಳೆಲ್ಲ ಅಂಥ ಏರಿಗಳವೇ, ಕೊನೆಯದೊಂದು ಮಾತ್ರ ಕರಾವಳಿಯ ಗಜನಿಯದು, ಅಂದರೆ ಭರತ-ಇಳಿತದ ಉಪ್ಪುನೀರು ಹತ್ತುವ ಅಳಿವೆಯ ತಗ್ಗು ಗದ್ದೆಯದು.

ನಮ್ಮೂರ ಕೆರೆಯ ಏರಿಗೆ ಐವತ್ತು ವರ್ಷ ಮೇಲಾಗಿದೆ, ಎತ್ತರ 9 ಮೀಟರ್ ಇರಬಹುದು. ಕೆರೆ ತುಂಬಿದಾಗ ಹೊರಮೈಯ ಬುಡದಲ್ಲಿ ನೀರು ಜಿನುಗುತ್ತದೆ. ಸಿಮೆಂಟ್ ಹಾಕಿ ಮುಚ್ಚೋಣ ಎಂದು ಕೆಲವರು, ಅದು ಯಾವಾಗಲೂ ಹಾಗೇ ಎಂದು ಹಿರಿಯರು. ಯಾರ ಮಾತು ಕೇಳುವುದು?
— ಬನವಾಸಿ ಹೋಬಳಿ, ಶಿರಸಿ

ಸಿಮೆಂಟ್ ಚೀಲ ಅಂಗಡಿಯಲ್ಲೇ ಇರಲಿ. ಹಿರಿಯರ ಮಾತೂ ಅರ್ಧವೇ ಸರಿ.

ಮಣ್ಣಿನ ಏರಿ ಜಿನುಗದೆ ಇರುವುದಿಲ್ಲ. ಒಳಮೈಯಿಂದ ಹೊಕ್ಕ ನೀರು ಮಣ್ಣಿನ ಕಣಗಳ ನಡುವೆ ನುಸುಳಿ ಬುಡದಲ್ಲಿ ಹೊರಬೀಳುತ್ತದೆ. ಸರಿಯಾಗಿ ಕಟ್ಟಿದ ಏರಿಯಲ್ಲಿ ಅದಕ್ಕೆಂದೇ ಬುಡದಲ್ಲಿ ಕಲ್ಲಿನ ರಾಶಿ ಇರುತ್ತದೆ, ರಾಕ್ ಟೋ ಎನ್ನುತ್ತಾರೆ. ಹೂಳು, ಗಿಡಗಂಟಿ ತುಂಬಿ ಅದು ಕಟ್ಟಿಕೊಂಡಿದ್ದರೆ ನೀರು ಮೈಯಲ್ಲೇ ಮೇಲೇರಿ, ಬುಡದ ಬದಲು ಏರಿಯ ಹೊಟ್ಟೆಯಲ್ಲಿ ಒಸರತೊಡಗುತ್ತದೆ. ನೀವು ಸಿಮೆಂಟ್ ಹಾಕಿದರೂ ಆಗುವುದು ಇದೇ. ಹೊರದಾರಿ ಮುಚ್ಚುತ್ತದೆ, ಒಳಗಿನ ನೀರಿನ ಒತ್ತಡ ಏರುತ್ತದೆ, ಒಂದೋ ಮೈ ಜಾರುತ್ತದೆ, ಇಲ್ಲವೇ ನೀರು ಪಕ್ಕದಲ್ಲಿ ಹೊಸ ಬಾಯಿ ತೆರೆಯುತ್ತದೆ. ಸೋರಿಕೆ ಮುಚ್ಚುವುದಿದ್ದರೆ ನೀರು ಹೊಗುವ ಕಡೆ, ಒಳಮೈಯಲ್ಲಿ. ಹೊರಡುವ ಕಡೆ ನೀರನ್ನು ಬಿಡಬೇಕು, ಮಣ್ಣನ್ನು ಹಿಡಿಯಬೇಕು.

ನೋಡಬೇಕಾದ್ದು ಎರಡೇ: ನೀರಿನ ಬಣ್ಣ ಮತ್ತು ನೀರಿನ ಲೆಕ್ಕ.

ಬಣ್ಣಕ್ಕೆ ಒಂದು ಲೀಟರಿನ ಗಾಜಿನ ಬಾಟಲಿ ಸಾಕು. ಜಿನುಗು ಹೊರಬೀಳುವ ಬಾಯಿಯಲ್ಲೇ ಹಿಡಿಯಿರಿ. ನಾಲ್ಕು ಮಾರು ಕೆಳಗೆ ಗದ್ದೆಯ ಕೆಸರು ಬೆರೆತದ್ದನ್ನು ಹಿಡಿದರೆ ಸುಮ್ಮನೆ ಹೆದರುತ್ತೀರಿ. ಒಂದು ರಾತ್ರಿ ಅಲುಗಿಸದೆ ಇಟ್ಟು ಬೆಳಗ್ಗೆ ತಳ ನೋಡಿ. ಗಸಿ ಕೂತಿದ್ದರೆ ಏರಿಯ ಒಳಗಿನ ಮಣ್ಣು ಕರಗಿ ಹೊರಬರುತ್ತಿದೆ ಎಂದರ್ಥ. ಕೆಂಪು ಬಣ್ಣದ ಜಿಡ್ಡಿನಂಥ ಪೊರೆ ಮಾತ್ರ ತೇಲುತ್ತಿದ್ದರೆ ಅದು ನಮ್ಮ ಜಂಬುಮಣ್ಣಿನ ಕಬ್ಬಿಣ, ಅದಕ್ಕೆ ಹೆದರಬೇಕಿಲ್ಲ. ಸೆಕೆಂಡಿಗೆ ಒಂದು ಲೀಟರ್ ತಿಳಿನೀರಿಗಿಂತ ಅದರ ಹತ್ತರಲ್ಲಿ ಒಂದು ಪಾಲು ಕದಡು ನೀರು ಅಪಾಯ.

ಲೆಕ್ಕಕ್ಕೆ, ಜಿನುಗೆಲ್ಲ ಒಂದೇ ಕಾಲುವೆಗೆ ಕೂಡುವಂತೆ ಬುಡದಲ್ಲಿ ಸಣ್ಣ ಗಟಾರ ತೆಗೆಯಿರಿ. ಅದಕ್ಕೆ ಅಡ್ಡವಾಗಿ, 90 ಡಿಗ್ರಿಯ ‘ವಿ’ ಆಕಾರ ಕತ್ತರಿಸಿದ 3 ಮಿ.ಮೀ. ತಗಡು ನಿಲ್ಲಿಸಿ, ಸುತ್ತ ಜೇಡಿಯಿಂದ ಬಿಗಿ ಮಾಡಿ. ನೀರು ತಗಡಿನಿಂದ ಕೆಳಕ್ಕೆ ಬಿಡುವಾಗಿ ಬೀಳಬೇಕು, ಕೆಳಗೆ ಮಡು ಕಟ್ಟಬಾರದು. ಎತ್ತರವನ್ನು ತಗಡಿನ ಬಾಯಲ್ಲಿ ಅಳೆಯಬೇಡಿ, ಅಲ್ಲಿ ನೀರು ಬಾಗಿ ಇಳಿಯುತ್ತಿರುತ್ತದೆ. ಅರ್ಧ ಮೀಟರ್ ಹಿಂದೆ ಒಂದು ಗೂಟ ನೆಟ್ಟು, ‘ವಿ’ಯ ತಳಕ್ಕೆ ಸರಿಯಾಗಿ ಸೊನ್ನೆ ಗುರುತು ಮಾಡಿ ಅಳೆಯಿರಿ. 3 ಸೆಂ.ಮೀ. ನಿಂತರೆ ಸೆಕೆಂಡಿಗೆ ಸುಮಾರು 0.2 ಲೀಟರ್, 5ಕ್ಕೆ 0.77, 7ಕ್ಕೆ 1.8, 10ಕ್ಕೆ 4.4 ಲೀಟರ್. ಎತ್ತರ ಎರಡರಷ್ಟಾದರೆ ನೀರು ಐದೂವರೆ ಪಟ್ಟಿಗೂ ಹೆಚ್ಚು, ಹಾಗಾಗಿ ‘ಎರಡೇ ಬೆರಳು ಜಾಸ್ತಿ’ ಎಂದು ಉದಾಸೀನ ಬೇಡ. ತಗಡಿಗೆ ಪುರುಸೊತ್ತಿಲ್ಲದಿದ್ದರೆ 10 ಲೀಟರಿನ ಬಕೆಟ್ ಮತ್ತು ಗಡಿಯಾರ. 40 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ ಕಾಲು ಲೀಟರ್.

ವಾರಕ್ಕೊಮ್ಮೆ ಬರೆದಿಡಿ, ಜೊತೆಗೆ ಅದೇ ದಿನ ಕೆರೆಯ ಮಟ್ಟ ಮತ್ತು ಹಿಂದಿನ ಎರಡು ದಿನದ ಮಳೆಯನ್ನೂ ಬರೆಯಿರಿ. ಮಟ್ಟ ಬರೆಯದ ಜಿನುಗಿನ ಪಟ್ಟಿಯಿಂದ ಏನೂ ತಿಳಿಯುವುದಿಲ್ಲ. ಕೆರೆ ಏರಿದಾಗ ಜಿನುಗು ಹೆಚ್ಚುವುದು ಸಹಜ, ಮಳೆ ಸುರಿಯುವಾಗ ಮೈಮೇಲಿನ ನೀರೂ ಸೇರುತ್ತದೆ. ಹೋದ ವರ್ಷ ಇಷ್ಟೇ ಮಟ್ಟದಲ್ಲಿ ಎಷ್ಟಿತ್ತು, ಈಗ ಎಷ್ಟಿದೆ ಎನ್ನುವುದೇ ಪ್ರಶ್ನೆ. ಅದೇ ಮಟ್ಟದಲ್ಲಿ ಹೆಚ್ಚಿದ್ದರೆ ಒಳಗೆ ದಾರಿ ಅಗಲವಾಗಿದೆ. ಇದ್ದಕ್ಕಿದ್ದಂತೆ ಕಡಿಮೆಯಾದರೂ ಖುಷಿ ಬೇಡ, ಎಲ್ಲೋ ಕಟ್ಟಿಕೊಂಡು ನೀರು ಬೇರೆ ಕಡೆ ತಿರುಗಿರಬಹುದು.

ನೀರು ಕದಡಿ ಬಂದರೆ, ಅಥವಾ ಬುಡದಲ್ಲಿ ನೆಲ ಕುದಿಯುವಂತೆ ಮರಳು ಉಗುಳುವ ಬುಗ್ಗೆ ಕಂಡರೆ, ಇಂಜಿನಿಯರ್ ಬರುವಷ್ಟರಲ್ಲಿ ನೀವು ಮಾಡಬಹುದಾದ ಕೆಲಸ ಒಂದಿದೆ. ಜಾಗವನ್ನು ಅಗೆಯದೆ, ಮೊದಲು 20–30 ಸೆಂ.ಮೀ. ತೊಳೆದ ದಪ್ಪ ಮರಳು, ಅದರ ಮೇಲೆ ಅಷ್ಟೇ ದಪ್ಪ ಸಣ್ಣ ಜಲ್ಲಿ, ಅದರ ಮೇಲೆ 40 ಮಿ.ಮೀ. ಜಲ್ಲಿ, ಕೊನೆಗೆ ಭಾರಕ್ಕೆ ಕಲ್ಲು. ಮರಳು ಮಣ್ಣನ್ನು ಹಿಡಿಯುತ್ತದೆ, ಜಲ್ಲಿ ಮರಳನ್ನು ಹಿಡಿಯುತ್ತದೆ, ನೀರು ಮಾತ್ರ ಹೊರಬರುತ್ತದೆ. ಕ್ರಮ ತಪ್ಪಿ ನೇರವಾಗಿ ದಪ್ಪ ಕಲ್ಲು ಸುರಿದರೆ ಮಣ್ಣು ಸಂದಿನಿಂದ ಹರಿದೇ ಹೋಗುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಬುಗ್ಗೆಗೆ ಮರಳುಚೀಲದ ಬಳೆ ಕಟ್ಟಿ ಒಳಗೆ ನೀರು ನಿಲ್ಲಿಸುವುದೂ ಆಗುತ್ತದೆ. ಆದರೆ ಮಣ್ಣು ಉಗುಳುವುದು ನಿಲ್ಲುವಷ್ಟೇ ಎತ್ತರಿಸಿ, ನೀರು ಪೂರ್ತಿ ನಿಲ್ಲುವಷ್ಟಲ್ಲ.

ಕೆರೆಯ ಮೀನು ಹರಾಜಾಗುತ್ತದೆ. ಹರಾಜು ಹಿಡಿದವರು ಮೀನು ಹೋಗದಂತೆ ಕೋಡಿಗೆ ಜಾಲರಿ ಕಟ್ಟುತ್ತಾರೆ. ಬೇಸಿಗೆಗೆ ನೀರು ಉಳಿಯಲೆಂದು ನಾವೂ ಕೋಡಿಯ ಮೇಲೆ ಒಂದೂವರೆ ಅಡಿ ಮರಳುಚೀಲ ಪೇರಿಸುತ್ತೇವೆ. ಇಷ್ಟು ವರ್ಷ ಏನೂ ಆಗಿಲ್ಲ. ಕೋಡಿ 12 ಮೀಟರ್ ಉದ್ದ, ಕೋಡಿಯಿಂದ ಏರಿಯ ತಲೆಗೆ ಒಂದೂವರೆ ಮೀಟರ್, ಕೆರೆಗೆ ಬರುವ ಗುಡ್ಡದ ನೀರು ಒಂದು ಚದರ ಕಿಲೋಮೀಟರಿನದು. ಇದರಲ್ಲಿ ತಪ್ಪೇನು?
— ಮುಂಡಗೋಡ ತಾಲೂಕು

ಅಳತೆ ಕೊಟ್ಟು ಬರೆದದ್ದು ಒಳ್ಳೆಯದಾಯಿತು, ಲೆಕ್ಕವನ್ನೇ ಮಾಡಿಬಿಡೋಣ.

ಗಂಟೆಗೆ 60 ಮಿ.ಮೀ. ಮಳೆ ಎನ್ನಿ. ಘಟ್ಟದ ಸೆರಗಿನಲ್ಲಿ ಇದು ಅಪರೂಪದ ಪ್ರಳಯವೇನಲ್ಲ. ನೆನೆದ ನೆಲದ ಮೇಲೆ ಅದರಲ್ಲಿ ನೂರಕ್ಕೆ ಅರವತ್ತು ಪಾಲು ಹರಿದು ಬಂದರೆ ಗಂಟೆಗೆ 36,000 ಘನ ಮೀಟರ್, ಅಂದರೆ ಸೆಕೆಂಡಿಗೆ 10 ಘನ ಮೀಟರ್. ಕೋಡಿಯ ಮೇಲೆ ಹರಿಯುವ ನೀರಿಗೆ ಲೆಕ್ಕ ಹೀಗೆ: 1.7 ಗುಣಿಸು ಕೋಡಿಯ ಉದ್ದ ಗುಣಿಸು ನೀರಿನ ಎತ್ತರದ ಒಂದೂವರೆ ಘಾತ (ಎತ್ತರ ಗುಣಿಸು ಅದರ ವರ್ಗಮೂಲ). ನಿಮ್ಮ 12 ಮೀಟರ್ ಕೋಡಿಯಲ್ಲಿ ಆ 10 ಘನ ಮೀಟರ್ ಹೋಗಲು ನೀರು 62 ಸೆಂ.ಮೀ. ಏರಿದರೆ ಸಾಕು. ಏರಿಯ ತಲೆಗೆ ಇನ್ನೂ 88 ಸೆಂ.ಮೀ. ಬಾಕಿ. ಕಟ್ಟಿದವರು ಬಿಟ್ಟ ಜಾಗ ಇದು.

ಈಗ ನಿಮ್ಮ ಒಂದೂವರೆ ಅಡಿ ಚೀಲ ಇಡಿ. ಅದೇ ನೀರು 107 ಸೆಂ.ಮೀ.ಗೆ ಏರುತ್ತದೆ, ಬಾಕಿ 43. ಇನ್ನು ಜಾಲರಿ. ಮೊದಲ ನೆರೆಗೆ ತರಗೆಲೆ, ಬಿದಿರಿನ ತುಂಡು, ಕೊಳೆತ ಕಳೆ, ಪ್ಲಾಸ್ಟಿಕ್ ಎಲ್ಲ ಬಂದು ಅಲ್ಲೇ ಕೂರುತ್ತವೆ. ಅರ್ಧ ಕೋಡಿ ಕಟ್ಟಿತೆನ್ನಿ. ಉಳಿದ 6 ಮೀಟರಿನಲ್ಲಿ 10 ಘನ ಮೀಟರ್ ಹೋಗಬೇಕಾದರೆ 99 ಸೆಂ.ಮೀ. ಎತ್ತರ ಬೇಕು. 45 ಮತ್ತು 99, ಒಟ್ಟು 144. ಏರಿಯ ತಲೆಗೆ ಉಳಿದದ್ದು ಆರು ಸೆಂ.ಮೀ. ಏರಿಯ ಮೇಲೆ ಟ್ರ್ಯಾಕ್ಟರ್ ಓಡಾಡಿ ಎಲ್ಲೋ ಒಂದು ಕಡೆ ಅರ್ಧ ಅಡಿ ತಗ್ಗಾಗಿದ್ದರೆ ಅಲ್ಲಿ ಆಗಲೇ ನೀರು ಮೇಲಿಂದ ಹರಿಯುತ್ತಿದೆ. ಕೆರೆಯ ವಿಸ್ತಾರ ನೆರೆಯನ್ನು ಸ್ವಲ್ಪ ತಡೆಯುತ್ತದೆ ನಿಜ, ಆದರೆ ತುಂಬಿದ ಕೆರೆಯ ಮೇಲೆ ಇನ್ನೊಂದು ಮಳೆ ಬಿದ್ದಾಗ ಅದನ್ನು ನಂಬಿ ಕೂರುವಂತಿಲ್ಲ. ಅಲ್ಲದೆ ವಿನ್ಯಾಸಕ್ಕೆ ಇಂಜಿನಿಯರುಗಳು ಹಿಡಿಯುವ ನೆರೆ ಇದಕ್ಕಿಂತ ಬಹಳ ದೊಡ್ಡದು.

ಕಾಂಕ್ರೀಟ್ ಅಣೆಯ ಮೇಲೆ ನೀರು ಹರಿದರೂ ಅದು ನಿಂತೀತು. ಮಣ್ಣಿನದು ನಿಲ್ಲದು. ಹರಿಯುವ ನೀರು ಮೊದಲು ಹೊರಮೈಯ ಬುಡ ಕೊರೆದು, ಮೆಟ್ಟಿಲು ಮೆಟ್ಟಿಲಾಗಿ ಮೇಲೆ ತಿಂದುಕೊಂಡು ಬಂದು ತಲೆಯನ್ನು ಕೆಡವುತ್ತದೆ. 1979ರ ಆಗಸ್ಟ್ 11ರಂದು ಗುಜರಾತಿನ ಮೋರ್ಬಿ ಪಟ್ಟಣವನ್ನು ಮುಳುಗಿಸಿದ ಮಚ್ಛೂ-2 ಅಣೆಕಟ್ಟಿನಲ್ಲಿ ನಡುವಿನ ಕಲ್ಲುಗಾರೆ ಭಾಗ ನಿಂತೇ ಇತ್ತು, ಕೊಚ್ಚಿಹೋದದ್ದು ಎರಡೂ ಪಕ್ಕದ ಮಣ್ಣಿನ ಏರಿ.

‘ಇಷ್ಟು ವರ್ಷ ಏನೂ ಆಗಿಲ್ಲ’ ಎಂದರೆ ಚೀಲ, ಜಾಲರಿ, ಕಸ, ಜೋರು ಮಳೆ ನಾಲ್ಕೂ ಒಂದೇ ರಾತ್ರಿ ಕೂಡಿಬಂದಿಲ್ಲ, ಅಷ್ಟೇ. ಜೂನ್‌ನಿಂದ ಅಕ್ಟೋಬರ್‌ವರೆಗೆ ಕೋಡಿಯಲ್ಲಿ ಜಾಲರಿ ಇರಕೂಡದು ಎಂದು ಹರಾಜಿನ ಷರತ್ತಿನಲ್ಲೇ ಬರೆಸಿ. ಮೀನಿನ ಮರಿ ಬಿಡುವುದನ್ನು ಕೋಡಿ ನಿಂತ ಮೇಲಕ್ಕೆ ಮುಂದೂಡಿದರೆ ಹಿಡಿದವರಿಗೂ ನಷ್ಟ ಕಡಿಮೆ. ನೀರು ಹೆಚ್ಚು ಬೇಕಿದ್ದರೆ ಹೂಳೆತ್ತಿ. ಆದರೆ ಏರಿಯ ಒಳಬುಡದಿಂದ 15–20 ಮೀಟರ್ ಬಿಟ್ಟು ಎತ್ತಿ. ಅಲ್ಲಿ ಕೂತ ನುಣುಪು ಹೂಳು ಏರಿಗೆ ಹೊದಿಸಿದ ಕಂಬಳಿ ಇದ್ದಂತೆ. ಜೆಸಿಬಿಯವರು ಮೊದಲು ಕೈಹಾಕುವುದೂ ಅದಕ್ಕೇ, ದಾರಿಗೆ ಹತ್ತಿರ ನೋಡಿ. ಹೂಳೆತ್ತಿದ ಮರುವರ್ಷವೇ ಸೋರಿಕೆ ಶುರುವಾಯಿತು ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಕಾರಣ ಇರುತ್ತದೆ.

ಏರಿಯ ತಲೆ ಎಲ್ಲಿ ತಗ್ಗು ಎಂಬುದು ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಗಾರೆ ಕೆಲಸದವರ ನೀರಿನ ಟ್ಯೂಬ್ ತಂದು 10 ಮೀಟರಿಗೊಂದು ಗೂಟ ಹೊಡೆದು ಮಟ್ಟ ಹಿಡಿಯಿರಿ, ಅರ್ಧ ದಿನದ ಕೆಲಸ. ತುಂಬುವಾಗ ತಲೆ ಸ್ವಲ್ಪ ಕೆರೆಯ ಕಡೆಗೇ ವಾಲಿರಲಿ. ಮಳೆನೀರು ಹೊರಮೈಗೆ ಇಳಿದರೆ ಕೊರಕಲು ಬೀಳುತ್ತದೆ.

ಕೊರಕಲು, ಗುಂಡಿ ತುಂಬಲು ಯಾವ ಮಣ್ಣು ತರಬೇಕು? ಗುತ್ತಿಗೆದಾರರು ಹತ್ತಿರದ ಗುಡ್ಡದ ಬಿಳಿ-ಗುಲಾಬಿ ಮಣ್ಣು ತಂದು ಸುರಿದಿದ್ದಾರೆ.
— ಸಿದ್ದಾಪುರ ರಸ್ತೆ, ಶಿರಸಿ

ಅದು ಶೇಡಿಮಣ್ಣು. ಚಿರೆಕಲ್ಲಿನ ಪದರದ ಅಡಿಗೆ ಇರುತ್ತದೆ, ಅಗೆಯಲು ಸುಲಭ, ಒಣಗಿದಾಗ ಗಟ್ಟಿಯಾಗಿಯೇ ಕಾಣುತ್ತದೆ. ನೀರು ಕಂಡರೆ ಜಾರುತ್ತದೆ, ಕರಗುತ್ತದೆ. ಏರಿಯ ಮೈಗೆ ಅದು ಬೇಡವೇ ಬೇಡ.

ಗೋಲಿಯಷ್ಟು ಮಣ್ಣಿನ ಉಂಡೆಯನ್ನು ಒಂದು ಲೋಟ ತಿಳಿನೀರಿನಲ್ಲಿ ಮೆಲ್ಲಗೆ ಬಿಡಿ, ಕಲಕಬೇಡಿ. ಹತ್ತು ನಿಮಿಷದಲ್ಲಿ ಉಂಡೆಯ ಸುತ್ತ ಹಾಲಿನಂಥ ಮೋಡ ಎದ್ದರೆ ಆ ಮಣ್ಣು ಬೇಡ. ಉಂಡೆ ಕುಸಿದು ಕೂತರೂ ನೀರು ತಿಳಿಯಾಗಿಯೇ ಇದ್ದರೆ ಆದೀತು. ಅಂಟು ಇದೆಯೇ ನೋಡಲು ಒದ್ದೆ ಮಣ್ಣನ್ನು ಹೊಸೆದು ನೋಡಿ, ದಪ್ಪ ಸೂಜಿಯಷ್ಟು, ಸುಮಾರು 3 ಮಿ.ಮೀ. ದಾರವಾಗುವವರೆಗೆ ತುಂಡಾಗದೆ ಬರಬೇಕು. ಹಳೆಯ ಮೈಗೆ ಹೊಸ ಮಣ್ಣು ಹಾಗೇ ಸವರಿದರೆ ಮೊದಲ ಮಳೆಗೆ ಹಾಳೆಯಂತೆ ಜಾರುತ್ತದೆ. ಹುಲ್ಲು ಕೆತ್ತಿ, ಹಳೆಯ ಮೈಯನ್ನು ಮೆಟ್ಟಿಲಾಗಿ ಕಡಿದು, 15–20 ಸೆಂ.ಮೀ. ಪದರ ಹಾಕಿ ನೀರು ಚಿಮುಕಿಸಿ ಗುದ್ದಬೇಕು. ಮುಷ್ಟಿಯಲ್ಲಿ ಹಿಚುಕಿದಾಗ ಉಂಡೆ ನಿಲ್ಲಬೇಕು, ಅಂಗೈ ಒದ್ದೆಯಾಗಬಾರದು. ಹದ ಅಷ್ಟೇ.

ಏರಿಯ ಮೇಲೆ ಅಕೇಶಿಯಾ ಬೆಳೆದಿದೆ, ಹುತ್ತಗಳಿವೆ, ಏಡಿ ತೂತುಗಳಿವೆ. ಮರದ ಬೇರು ಮಣ್ಣು ಹಿಡಿಯುತ್ತದೆ ಅಲ್ಲವೇ?
— ಯಲ್ಲಾಪುರ

ಗುಡ್ಡದಲ್ಲಿ ಹಿಡಿಯುತ್ತದೆ. ಏರಿಯಲ್ಲಿ ಬೇರು ನೀರಿಗೆ ದಾರಿ. ಗಾಳಿಗೆ ಮರ ಬುಡಮೇಲಾದರೆ ಬೇರಿನ ಜೊತೆ ಒಂದು ಗಾಡಿ ಮಣ್ಣೂ ಕಿತ್ತು ಬರುತ್ತದೆ. ಹಾಗೆಂದು ಗರಗಸ ತಂದು ಕೊಯ್ದು ಕೈತೊಳೆದುಕೊಂಡರೆ ಇನ್ನೂ ಕೆಟ್ಟದ್ದು. ಮೂರ್ನಾಲ್ಕು ವರ್ಷದಲ್ಲಿ ಬೇರು ಕೊಳೆತು ಟೊಳ್ಳಾಗಿ, ಏರಿಯೊಳಗೆ ಸಿದ್ಧ ಕೊಳವೆ ಆಗುತ್ತದೆ. ಮಣಿಕಟ್ಟಿನ ದಪ್ಪದೊಳಗಿನ ಸಸಿಗಳನ್ನು ಪ್ರತಿ ವರ್ಷ ಕಿತ್ತುಬಿಡಿ. ದೊಡ್ಡ ಮರವಾದರೆ ಇಲಾಖೆಯ ಮೂಲಕ ಮರ ಕಡಿಯುವ ಅನುಮತಿ ಪಡೆದು, ಕೆರೆ ತಗ್ಗಿದ ಏಪ್ರಿಲ್–ಮೇನಲ್ಲಿ ಬುಡ ಸಮೇತ ಬೇರು ತೆಗೆದು, ಗುಂಡಿಯನ್ನು ಮೇಲೆ ಹೇಳಿದಂತೆ ಪದರ ಪದರವಾಗಿ ತುಂಬಬೇಕು. ಏರಿಗೆ ಬೇಕಾದ್ದು ಗರಿಕೆ. ಕೊರಕಲು ಬೀಳುವ ಕಡೆ ಲಾವಂಚದ ಸಾಲು. ಕಮ್ಯುನಿಸ್ಟ್ ಗಿಡ ಎಂಬ ಪೊದೆಕಳೆಯನ್ನು ಮಾತ್ರ ಬೆಳೆಯಗೊಡಬೇಡಿ. ಅದರ ಮರೆಯಲ್ಲಿ ಯಾವ ಜಿನುಗೂ ಯಾವ ಬಿಲವೂ ಕಾಣುವುದಿಲ್ಲ.

ಹುತ್ತದ ಕೆಳಗೆ ಪೊಳ್ಳು ಇರುತ್ತದೆ. ಸಲಾಕೆ ಚುಚ್ಚಿದರೆ ಒಮ್ಮೆಲೇ ಒಳಗಿಳಿಯುವುದು ಅದರ ಗುರುತು. ಗೂಡು ಪೂರ್ತಿ ಸಿಗುವವರೆಗೆ ಅಗೆದು ಜೇಡಿ ಗುದ್ದಬೇಕು. ನಾಗರಪಂಚಮಿಗೆ ಹಾಲೆರೆಯುವ ಹುತ್ತವಾದರೆ ಊರವರು ಕೂತು ಮಾತಾಡಿಕೊಳ್ಳಬೇಕಾದ ವಿಷಯ, ರಾತ್ರೋರಾತ್ರಿ ಜೆಸಿಬಿ ತರುವುದಲ್ಲ.

ಏಡಿಯ ವಿಷಯ. 2019ರ ಜುಲೈ 2ರ ರಾತ್ರಿ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಒಡೆದಾಗ ಅಲ್ಲಿನ ಸಚಿವರೊಬ್ಬರು ಏಡಿಗಳ ಮೇಲೆ ತಪ್ಪು ಹೊರಿಸಿದರು, ದೇಶವೆಲ್ಲ ನಕ್ಕಿತು. ಏಡಿ ತೂತು ಕೊರೆಯುವುದು ಸುಳ್ಳಲ್ಲ. ಆದರೆ ಸೋರುತ್ತಿದೆ ಎಂದು ಊರವರು ಮೊದಲೇ ದೂರಿದ್ದರು. ಬಿಲ ಕಂಡ ವರ್ಷವೇ ತುಂಬಿದರೆ ಅದು ಬರೀ ಬಿಲ.

ತೂಬಿನ ಶಟರ್ ಪೂರ್ತಿ ಇಳಿಸಿದರೂ ಹೊರಬಾಯಲ್ಲಿ ನೀರು ಬರುತ್ತದೆ. ಶಟರ್ ಬದಲಿಸಿದರೆ ಸರಿಹೋಗುತ್ತದೆಯೇ?
— ಹಳಿಯಾಳ

ಶಟರ್ ಸೋರುತ್ತಿದ್ದರೆ ಸರಿಹೋಗುತ್ತದೆ. ಏರಿಯೊಳಗೆ ಹೂತ ಕೊಳವೆಯ ಸಂದಿ ಬಿಟ್ಟಿದ್ದರೆ ಇಲ್ಲ, ಮತ್ತು ಹಳೆಯ ತೂಬುಗಳಲ್ಲಿ ಎರಡನೆಯದೇ ಹೆಚ್ಚು ಅಪಾಯದ್ದು. ಸುತ್ತಲಿನ ಮಣ್ಣನ್ನು ನೀರು ಕೊಳವೆಯೊಳಗೆ ಎಳೆದುಕೊಳ್ಳುತ್ತದೆ, ಮೇಲೆ ಏರಿಯಲ್ಲಿ ಒಂದು ದಿನ ಬಾವಿಯಂಥ ಗುಂಡಿ ಬೀಳುತ್ತದೆ.

ಕೆರೆ ಇಳಿಯುತ್ತ ಹೋಗುವಾಗ ಪ್ರತಿ ದಿನ ಮಟ್ಟ ಮತ್ತು ಸೋರಿಕೆ ಬರೆಯಿರಿ. ಶಟರಿನ ತಳದವರೆಗೂ ಸೋರಿಕೆ ಮುಂದುವರಿದರೆ ಶಟರ್ ಅಥವಾ ಕೊಳವೆ. ಅದಕ್ಕಿಂತ ಮೇಲೆಯೇ ಒಂದು ಮಟ್ಟದಲ್ಲಿ ನಿಂತುಬಿಟ್ಟರೆ, ನೀರು ಹೊಗುವ ತೂತು ಒಳಮೈಯಲ್ಲಿ ಆ ಮಟ್ಟದಲ್ಲಿದೆ, ಕಲ್ಲುಹಾಸು ಎಬ್ಬಿಸಿ ಅಲ್ಲೇ ಹುಡುಕಿ. ಕೆರೆ ತಿಳಿಯಾಗಿದ್ದೂ ತೂಬಿನ ನೀರು ಕದಡಿದ್ದರೆ ಮಣ್ಣು ನಡುವೆ ಎಲ್ಲೋ ಸೇರುತ್ತಿದೆ. ಕೊಳವೆಯ ನೇರಕ್ಕೆ ಏರಿಯ ತಲೆಯಲ್ಲಿ ಬಟ್ಟಲಿನಂಥ ತಗ್ಗು ಕಂಡರೆ ಅದನ್ನು ಮಣ್ಣು ಹಾಕಿ ಮುಚ್ಚಿ ಮರೆಯಬೇಡಿ. 1961ರ ಜುಲೈ 12ರಂದು ಪುಣೆಯ ಬಳಿ ಪಾನ್‌ಶೆತ್ ಏರಿ ಹೋದದ್ದು ತೂಬಿನ ಕೊಳವೆಯ ಮೇಲಿನ ಮಣ್ಣು ಕುಸಿದೇ. ತಲೆ ತಗ್ಗಾಯಿತು, ನೀರು ಅಲ್ಲಿಂದ ಮೇಲೆ ಹರಿಯಿತು.

ಹೂತ ಕೊಳವೆಗೆ ಖಾಯಂ ಪರಿಹಾರ, ಒಳಗೆ ಸಣ್ಣ ವ್ಯಾಸದ ಹೊಸ ಕೊಳವೆ ತೂರಿಸಿ ನಡುವಿನ ಜಾಗಕ್ಕೆ ಸಿಮೆಂಟ್ ಹಾಲು ತುಂಬುವುದು. ಇದು ಇಲಾಖೆಯ ಕೆಲಸ, ಕೆರೆ ಬರಿದಾದಾಗ.

ಏರಿಯ ತಲೆಯಲ್ಲಿ ಬಿರುಕು ಬಿಟ್ಟಿದೆ.
— ಬನವಾಸಿ ರಸ್ತೆ, ಶಿರಸಿ

ಎತ್ತ ಕಡೆಗೆ ಎಂದು ಬರೆದಿಲ್ಲ. ಏರಿಯ ಉದ್ದಕ್ಕೆ, ಅದರಲ್ಲೂ ತುದಿಗಳು ಇಳಿಜಾರಿನ ಕಡೆ ಕಮಾನಿನಂತೆ ಬಾಗಿದ್ದರೆ, ಮೈ ಜಾರುವ ಲಕ್ಷಣ. ಅಡ್ಡಕ್ಕೆ, ಅಂದರೆ ಕೆರೆಯಿಂದ ಗದ್ದೆಯ ಕಡೆಗೆ ಇದ್ದರೆ ನೀರಿಗೆ ನೇರ ದಾರಿ, ಅದು ಹೆಚ್ಚು ತುರ್ತಿನದು. ಎರಡೂ ಕಡೆ ಗೂಟ ಹೊಡೆದು ನಡುವಿನ ಅಂತರ ವಾರಕ್ಕೊಮ್ಮೆ ಅಳೆಯಿರಿ. ಸುಣ್ಣದ ನೀರು ಸುರಿದು ಅಗೆದರೆ ಆಳ ತಿಳಿಯುತ್ತದೆ. ಅಲ್ಲಿಯವರೆಗೆ ಮಳೆ ನುಗ್ಗದಂತೆ ಟಾರ್ಪಾಲ್ ಹೊದಿಸಿ. ಹೆದರಿ ಕೆರೆಯನ್ನು ಒಂದೇ ದಿನ ಖಾಲಿ ಮಾಡಲು ಹೋಗಬೇಡಿ. ನೀರು ಬೇಗ ಇಳಿದರೆ ನೆನೆದ ಒಳಮೈಗೆ ಆಸರೆ ತಪ್ಪಿ ಅದೇ ಜಾರುತ್ತದೆ. ಒಡೆಯುವ ಸ್ಥಿತಿಯೇ ಬಂದಿಲ್ಲದಿದ್ದರೆ ದಿನಕ್ಕೆ ಒಂದಡಿ ಸಾಕು.

ನಮ್ಮ ಕೆರೆಗೆ ಅಣೆಕಟ್ಟು ಸುರಕ್ಷತಾ ಕಾಯ್ದೆ ಅನ್ವಯಿಸುತ್ತದೆಯೇ? ರಾತ್ರಿ ಏನಾದರೂ ಆದರೆ ಯಾರಿಗೆ ಹೇಳುವುದು?
— ಮುಂಡಗೋಡ

2021ರ ಕಾಯ್ದೆ 15 ಮೀಟರಿಗಿಂತ ಎತ್ತರದ ಎಲ್ಲ ಅಣೆಕಟ್ಟುಗಳಿಗೂ ಇದೆ. 10ರಿಂದ 15 ಮೀಟರಿನವಕ್ಕೆ, ಏರಿ 500 ಮೀಟರ್ ಉದ್ದ ಇದ್ದರೆ ಅಥವಾ 10 ಲಕ್ಷ ಘನ ಮೀಟರ್ ನೀರು ಹಿಡಿಯುವಂತಿದ್ದರೆ ಅನ್ವಯಿಸುತ್ತದೆ, ಇನ್ನೂ ಕೆಲವು ಷರತ್ತುಗಳಿವೆ. ಎತ್ತರ ಅಳೆಯುವುದು ಅಡಿಪಾಯದ ತೀರ ಕೆಳಗಿನಿಂದ, ಹೊರಗಿನ ಗದ್ದೆಯಿಂದಲ್ಲ. ಅಂಥ ಅಣೆಕಟ್ಟಿಗೆ ಮಳೆಗಾಲದ ಮೊದಲು ಮತ್ತು ನಂತರ ತಪಾಸಣೆ ಕಡ್ಡಾಯ. ಅದಕ್ಕಿಂತ ಸಣ್ಣವು ಕಾಯ್ದೆಯ ಹೊರಗೆ. ಅಂಥ ಕೆರೆಯ ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆಗೆ, ಕಡಿಮೆ ಇದ್ದರೆ ಪಂಚಾಯತಿ ಕಡೆಗೆ ಬರೆಯಬೇಕು. ಬರೆಯುವಾಗ ‘ಏರಿ ಶಿಥಿಲ’ ಎನ್ನಬೇಡಿ. ‘ತೂಬಿನಿಂದ ಎಡಕ್ಕೆ 40 ಮೀಟರ್, ಬುಡದಲ್ಲಿ ಜಿನುಗು, ಇಂಥ ದಿನ ಇಂಥ ಮಟ್ಟದಲ್ಲಿ ಇಷ್ಟು, ಈಗ ಇಷ್ಟು’ ಎಂದು ಬರೆದು ಫೋಟೋ ಲಗತ್ತಿಸಿ. ಅಂಥ ಅರ್ಜಿಯನ್ನು ಮೂಲೆಗೆ ಹಾಕುವುದು ಕಷ್ಟ.

ರಾತ್ರಿಯಾದರೆ ಮೊದಲು ಕೆಳಗಿನ ಮನೆಗಳು, ಆಮೇಲೆ 1077 (ಜಿಲ್ಲಾ ವಿಪತ್ತು ಸಹಾಯವಾಣಿ) ಅಥವಾ 112 (ತುರ್ತು ಸಹಾಯವಾಣಿ). ತೂಬು ಪೂರ್ತಿ ಎತ್ತಿ, ಕೋಡಿಯ ಕಸ ದೋಟಿಯಿಂದ ಎಳೆಯಿರಿ, ಆದರೆ ನೀರಿಗೆ ಇಳಿಯಬೇಡಿ. ಒತ್ತಡ ಇಳಿಸಲೆಂದು ಏರಿಯನ್ನೇ ಕಡಿಯುವ ಸಲಹೆ ಯಾರಾದರೂ ಕೊಡುತ್ತಾರೆ. ಕಡಿದ ಬಾಯಿ ಎಷ್ಟು ಅಗಲವಾಗಬೇಕೆಂದು ಆಮೇಲೆ ತೀರ್ಮಾನಿಸುವುದು ನೀರು.

ನಮ್ಮದು ಗಜನಿ ಕಟ್ಟೆ. ಕೆರೆ ಏರಿಯ ಲೆಕ್ಕವೇ ಇದಕ್ಕೂ ನಡೆಯುತ್ತದೆಯೇ?
— ಅಘನಾಶಿನಿ ಅಳಿವೆ, ಕುಮಟಾ

ಪೂರ್ತಿ ಇಲ್ಲ. ಕೆರೆಗೆ ಒಂದೇ ಕಡೆ ನೀರು, ನಿಮಗೆ ಎರಡೂ ಕಡೆ, ಅದೂ ದಿನಕ್ಕೆ ಎರಡು ಸಲ ಏರಿಳಿಯುತ್ತದೆ. ಕಷ್ಟದ ದಿನ ಅಮಾವಾಸ್ಯೆ-ಹುಣ್ಣಿಮೆಯ ದೊಡ್ಡ ಭರತ ಮತ್ತು ಹೊಳೆಯ ನೆರೆ ಒಟ್ಟಿಗೆ ಬಂದದ್ದು. ಆಗ ಒಳಗಿನ ಮಳೆನೀರು ಹೊರಹೋಗಲು ಇಳಿತದ ಕೆಲವೇ ಗಂಟೆ ಸಿಗುತ್ತದೆ. ಹಾಗಾಗಿ ಜೂನಿಗೆ ಮೊದಲು ಬಾಗಿಲಿನ ಹಲಗೆಗಳು ಸಲೀಸಾಗಿ ಏಳುತ್ತವೆಯೇ ನೋಡಿ, ಬಾಗಿಲಿನ ಎರಡೂ ಕೆನ್ನೆಯ ಕಲ್ಲುಕಟ್ಟಿನ ಹಿಂದೆ ಸಲಾಕೆ ಚುಚ್ಚಿ ಪೊಳ್ಳು ಹುಡುಕಿ. ಕಟ್ಟೆ ಹೆಚ್ಚಾಗಿ ಬಿಡುವುದು ಕಲ್ಲು ಮತ್ತು ಮಣ್ಣು ಕೂಡುವ ಅದೇ ಜಾಗದಲ್ಲಿ. ಎತ್ತರಿಸಲು ಕೆಸರನ್ನು ಕಟ್ಟೆಯ ಬುಡದಿಂದಲೇ ತೆಗೆಯಬೇಡಿ, ನಾಲ್ಕೈದು ಮೀಟರ್ ದೂರದಿಂದ ತೆಗೆಯಿರಿ. ಒಂದೇ ಸಲ ಎರಡಡಿ ಪೇರಿಸಿದರೆ ಕೆಳಗಿನ ಮೆತ್ತನೆ ಕೆಸರು ಹಿಸುಕಿಕೊಂಡು ಕಟ್ಟೆ ಕೂರುತ್ತದೆ. ಈ ವರ್ಷ ಒಂದಡಿ ಹಾಕಿ, ಅದು ಕೂತು ಬಿಗಿಯಾದ ಮೇಲೆ ಬರುವ ವರ್ಷ ಇನ್ನೊಂದಡಿ.